ಜೋಗಪ್ಪನ ದುಡ್ಡು

ಎಡಗೈಯಲ್ಲಿ ನೂಲುವ ಹೆಂಗಸಿನ ಉಣ್ಣೆಯನ್ನು ಯಾರಾದರೂ ಗುರುತು ಹಿಡಿಯಬಹುದು. ಎಲ್ಲರ ಹುರಿ ಒಂದು ಕಡೆ ತಿರುಗಿದ್ದರೆ ಅವಳದು ಅದಕ್ಕೆ ಉಲ್ಟಾ. ಪರಶುರಾಂಪುರದಿಂದ ಆಚೆಗಿರುವ ನಮ್ಮ ಕುರುಬರ ಹಟ್ಟಿಯಲ್ಲಿ ಕ್ಯಾತಮ್ಮ ಒಬ್ಬಳೇ ಎಡಚಿ. ಅವಳ ನೂಲನ್ನು ಬೇರೆಯವರ ನೂಲಿಗೆ ಸೇರಿಸಿದರೆ ಕಂಬಳಿ ಸೊಟ್ಟಗಾಗುತ್ತದೆ ಎಂದು ಮಗ್ಗದವರು ಗೊಣಗುತ್ತಿದ್ದರು. ಹಾಗಾಗಿ ಗಂಡ ಜೋಗಪ್ಪನ ಕಂಬಳಿಯನ್ನು ಪೂರ್ತಿ ಅವಳ ನೂಲಿನಲ್ಲೇ ನೇಯಿಸಿದ್ದರು. ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೂ ಅವಳಿಗೆ ಅದು ಗೊತ್ತಾಗುತ್ತಿತ್ತು.

ಅಂಥವಳು ತೊಂಬತ್ತಮೂರನೇ ಇಸವಿಯಲ್ಲಿ, ಹತ್ತು ಜನ ಹಿರಿಯರ ಮುಂದೆ, ಯಾರದೋ ಕಂಬಳಿಯನ್ನು ಕೈಯಲ್ಲಿ ಹಿಡಿದು, "ಹೂಂ, ನಮ್ಮೋನ್ದೇ" ಎಂದುಬಿಟ್ಟಳು.

ಜೋಗಪ್ಪ ಆಂಧ್ರದ ಕಡೆಗೆ ಬೇರೆಯವರ ಕುರಿ ಹೊಡೆದುಕೊಂಡು ಕೂಲಿಗೆ ಹೋಗಿ ಆಗಲೇ ಎರಡು ವರ್ಷವಾಗಿತ್ತು. ಹೋದವನ ಸುದ್ದಿಯಿಲ್ಲ, ಕೂಲಿಯಿಲ್ಲ, ಕಾಗದವಿಲ್ಲ. ಆ ವರ್ಷ ಹೊಳೆ ಬಂದು ಇಳಿದಾಗ ಮರಳಿನಲ್ಲಿ ಒಂದು ಹೆಣ ಸಿಕ್ಕಿತು. ಮುಖವನ್ನು ಮೀನುಗಳು ತಿಂದಿದ್ದವು. ಪೊಲೀಸರು ಅಲ್ಲೇ ಹೂಳಿಸಿದರು. ಹೆಣದ ಸೊಂಟಕ್ಕೆ ಸುತ್ತಿಕೊಂಡಿದ್ದ ಕಂಬಳಿಯನ್ನು ಮಾತ್ರ ಕುರಿಗಾರರು ಹಟ್ಟಿಯಿಂದ ಹಟ್ಟಿಗೆ ತೋರಿಸುತ್ತಾ ಬಂದರು. ಕ್ಯಾತಮ್ಮ ಅದನ್ನು ಮುಟ್ಟಿದ ಕ್ಷಣಕ್ಕೇ ತಿಳಿಯಿತು, ಹುರಿ ಬಲಗೈಯದು. ಆದರೆ ಅವತ್ತು ಅವಳ ಮನೆಯ ಗುಡಾಣದಲ್ಲಿ ಒಂದು ಹಿಡಿ ರಾಗಿ ಇರಲಿಲ್ಲ. ಏಳು ವರ್ಷದ ಮಗಳು ಕಾಂಚನಾ ಸೆರಗು ಹಿಡಿದುಕೊಂಡು ನಿಂತಿದ್ದಳು. ಹಿಂದಿನ ವಾರ ತಾನೇ ಗ್ರಾಮಲೆಕ್ಕಿಗ ಶಿವಮೂರ್ತಪ್ಪ ಹೇಳಿ ಹೋಗಿದ್ದ:

"ನೋಡವ್ವಾ, ಗಂಡ ಎಲ್ಲೋ ಅವ್ನೆ ಅಂದ್ರೆ ಸರ್ಕಾರ ಏನೂ ಕೊಡಾಕಿಲ್ಲ. ಇಲ್ಲ ಅಂತ ಗೊತ್ತಾದ್ರೆ ವಿಧವಾ ವೇತನ ಬರ್ತೈತೆ. ತಿಂಗಳು ತಿಂಗಳು, ಮನೆ ಬಾಗ್ಲಿಗೆ."

ಶಿವಮೂರ್ತಪ್ಪ ಕೆಟ್ಟವನಲ್ಲ, ಕಾನೂನು ಹೇಳಿದ ಅಷ್ಟೇ. ಹಸಿದವರ ಕಿವಿಗೆ ಕಾನೂನು ಬೇರೆ ಥರ ಕೇಳಿಸುತ್ತದೆ, ಅದಕ್ಕೆ ಅವನೇನು ಮಾಡಿಯಾನು?

ಬಳೆ ಒಡೆದರು, ಕುಂಕುಮ ಅಳಿಸಿದರು. ಕ್ಯಾತಮ್ಮ ಎದೆ ಬಡಿದುಕೊಂಡು ಅತ್ತಳು. ಕಣ್ಣಲ್ಲಿ ನೀರು ಬರಲಿಲ್ಲವೆಂದು ಯಾರೂ ನೋಡಲಿಲ್ಲ. ಅಳುವವರ ಮನೆಯಲ್ಲಿ ಕಣ್ಣು ಒಣಗಿದೆಯೇ ಎಂದು ಬಗ್ಗಿ ನೋಡುವಷ್ಟು ಕೆಟ್ಟವರು ನಮ್ಮ ಹಟ್ಟಿಯಲ್ಲಿ ಇರಲಿಲ್ಲ.

ದುಡ್ಡು ಬರಲು ಎಂಟು ತಿಂಗಳು ಹಿಡಿಯಿತು. ಬಂದಾಗ ಹಳೆಯ ಪೋಸ್ಟ್‌ಮ್ಯಾನ್ ಚಿನ್ನಯ್ಯ ಸೈಕಲ್ಲಿನಿಂದ ಇಳಿಯುವ ಮೊದಲೇ ಕೂಗಿದ, "ಕ್ಯಾತಮ್ಮಾ, ಜೋಗಪ್ಪನ ದುಡ್ಡು ಬಂತು!" ಅವನ ಬಾಯಲ್ಲಿ ಅದು ಹಾಗೇ ನಿಂತುಹೋಯಿತು. ಹಟ್ಟಿಯೆಲ್ಲಾ ಹಾಗೇ ಅನ್ನತೊಡಗಿತು. ಬದುಕಿದ್ದಾಗ ಒಂದು ರೂಪಾಯಿ ಕಳಿಸದವನು ಸತ್ತ ಮೇಲೆ ತಿಂಗಳು ತಪ್ಪದೆ ಮನೆ ನಡೆಸುತ್ತಾನೆ ಎಂದು ಪಕ್ಕದ ಮನೆಯ ನಿಂಗಕ್ಕ ನಗುತ್ತಿದ್ದಳು. ನಿಂಗಕ್ಕನಿಗೆ ಬಾಯಿ ಜೋರು, ಕರುಳು ಅದಕ್ಕಿಂತ ಜೋರು. ಕ್ಯಾತಮ್ಮ ನಗಲಾರದೆ ನಗುತ್ತಿದ್ದಳು.

ಮೊದಲ ದುಡ್ಡು ರಾಗಿಯಾಯಿತು. ಎರಡನೆಯದು ಕಾಂಚನಾಳ ಸ್ಲೇಟು, ಲಂಗ, ಒಂದು ಜೊತೆ ರಬ್ಬರ್ ಚಪ್ಪಲಿ. ವರ್ಷ ಕಳೆಯುವಷ್ಟರಲ್ಲಿ ಅದರಲ್ಲೇ ಉಳಿಸಿ ಒಂದು ಹೆಣ್ಣು ಮರಿ ತಂದಳು. ಮರಿ ಕುರಿಯಾಯಿತು, ಕುರಿ ಮರಿ ಹಾಕಿತು. ದೊಡ್ಡ ದುಡ್ಡೇನೂ ಅಲ್ಲ, ಪೇಟೆಯವರು ಒಂದು ಸಾಯಂಕಾಲ ಹೋಟೆಲಿನಲ್ಲಿ ಮುಗಿಸುವಷ್ಟು. ಆದರೆ ಇಂಥ ದಿನ ಬಂದೇ ಬರುತ್ತದೆ ಎನ್ನುವ ದುಡ್ಡಿನ ಗುಣವೇ ಬೇರೆ. ಕೂಲಿ ಸಿಗದ ದಿನವೂ ಕ್ಯಾತಮ್ಮ ಯಾರ ಮನೆಯ ಬಾಗಿಲಿಗೂ ಹೋಗಿ ನಿಲ್ಲಲಿಲ್ಲ. ಸೋರುತ್ತಿದ್ದ ಹುಲ್ಲಿನ ಮನೆಗೆ ತಗಡು ಬಂತು. ಮಗಳು ಏಳನೇ ಕ್ಲಾಸು ಮುಗಿಸಿ ಬಿಟ್ಟುಬಿಡಬೇಕಾದವಳು ಹೈಸ್ಕೂಲಿಗೆ ಹೋದಳು, ಆಮೇಲೆ ಚಳ್ಳಕೆರೆಯ ಹಾಸ್ಟೆಲ್ಲು, ಆಮೇಲೆ ದುರ್ಗದಲ್ಲಿ ನರ್ಸ್ ಓದು. ಹಟ್ಟಿಯ ಮೊದಲ ನರ್ಸ್ ಆಗುವವಳು ಅವಳೇ ಎಂದು ಎಲ್ಲರೂ ಈಗಿಂದಲೇ ಮೊಣಕಾಲು ನೋವು ಹೇಳಿಕೊಳ್ಳುತ್ತಿದ್ದರು.

ಇಷ್ಟಾದರೂ ಕ್ಯಾತಮ್ಮನಿಗೆ ತಿಂದ ಅನ್ನ ಮೈಗೆ ಹತ್ತಲಿಲ್ಲ.

ಸತ್ತವರ ಕಾಟಕ್ಕೆ ತಾಯಿತವಿದೆ, ಬೇವಿನ ಸೊಪ್ಪಿದೆ, ಪೂಜಾರಿಯಿದ್ದಾನೆ. ಬದುಕಿರುವವನು ಕಾಡಿದರೆ ಯಾರ ಹತ್ತಿರ ಹೋಗುವುದು? ಸಂತೆಯಲ್ಲಿ ಟವೆಲ್ಲು ಸುತ್ತಿದ ಯಾರ ತಲೆ ಕಂಡರೂ ಅವಳ ಕಾಲು ನಿಂತುಬಿಡುತ್ತಿತ್ತು. ಶೇಂಗಾ ಮೂಟೆಯ ಟ್ರ್ಯಾಕ್ಟರಿನ ಮೇಲೆ ಅವನೇ ಕೂತಿದ್ದ, ಬಸ್ಸಿನ ಕೊನೆಯ ಸೀಟಿನಲ್ಲಿ ಅವನೇ ಮಲಗಿದ್ದ, ಈರುಳ್ಳಿ ಹೊಲದ ಬದುವಿನಲ್ಲಿ ಬೆನ್ನು ಹಾಕಿ ಬೀಡಿ ಸೇದುತ್ತಿದ್ದವನೂ ಅವನೇ. ಹತ್ತಿರ ಹೋದರೆ ಬೇರೆ ಯಾರೋ. ಆಗ ಉಸಿರು ಬಿಡುತ್ತಿದ್ದಳು, ಆ ಉಸಿರು ಬಿಟ್ಟಿದ್ದಕ್ಕೇ ತನ್ನನ್ನು ತಾನು ಶಪಿಸಿಕೊಳ್ಳುತ್ತಿದ್ದಳು. ಕಟ್ಟಿಕೊಂಡ ಗಂಡ ಬಾರದಿರಲಿ ಎಂದು ದೇವರಿಗೆ ಕೈಮುಗಿಯುವ ಹೆಂಗಸು ಭೂಮಿ ಮೇಲೆ ತಾನೊಬ್ಬಳೇ ಇರಬೇಕು ಎಂದುಕೊಳ್ಳುತ್ತಿದ್ದಳು. ಅವನು ಬಂದರೆ ದುಡ್ಡು ನಿಲ್ಲುತ್ತದೆ, ಅದು ಹೋಗಲಿ. ಇಷ್ಟು ವರ್ಷ ಸುಳ್ಳು ಹೇಳಿ ತಿಂದವಳು ಎಂದು ಕಚೇರಿಯವರು ಬರುತ್ತಾರೆ. ಕಾಂಚನಾಳ ಓದು ಅರ್ಧಕ್ಕೆ ನಿಲ್ಲುತ್ತದೆ. ಗಂಡ ಬದುಕಿರುವಾಗಲೇ ಬಳೆ ಒಡೆದುಕೊಂಡವಳ ಮಗಳನ್ನು ಯಾರು ತಂದುಕೊಳ್ಳುತ್ತಾರೆ?

ನಡುವೆ ಒಬ್ಬ ಹೆಂಡತಿ ಸತ್ತವನು ಕೂಡಿಕೆಗೆ ಕೇಳಿ ಕಳಿಸಿದ. ನಮ್ಮಲ್ಲಿ ಅದೇನು ತಪ್ಪಲ್ಲ. ಕ್ಯಾತಮ್ಮ ಒಲ್ಲೆ ಎಂದಳು. ಗಂಡನ ಮೇಲೆ ಎಂಥ ಪ್ರೀತಿ ನೋಡ್ರೀ ಎಂದು ಹಟ್ಟಿ ಹೊಗಳಿತು. ಗಂಡ ಇರುವಾಗ ಇನ್ನೊಬ್ಬನನ್ನು ಹೇಗೆ ಕೂಡಿಕೊಳ್ಳುವುದು ಎಂಬ ಅವಳ ಕಷ್ಟ ಹಟ್ಟಿಗೇನು ಗೊತ್ತು!

ಎಲ್ಲಕ್ಕಿಂತ ಕಷ್ಟದ್ದು ಮಾರ್ನೋಮಿಗೆ ಮುಂಚಿನ ಅಮಾವಾಸ್ಯೆ, ಹಿರಿಯರಿಗೆ ಎಡೆ ಇಡುವ ದಿನ. ಗೋಡೆ ಪಕ್ಕ ಆ ಕಂಬಳಿಯನ್ನು ಹಾಸಿ, ಅದರ ಮುಂದೆ ಎಲೆ ಹಾಕಿ, ಜೋಗಪ್ಪನ ಹೆಸರು ಹೇಳಿ ಬಡಿಸಬೇಕು. ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯಸ್ಸು ಕರಗುತ್ತದೆ ಎಂದು ಅವಳ ಅವ್ವ ಹೇಳುತ್ತಿದ್ದಳು. ಮೊದಲ ವರ್ಷ ಬಡಿಸುವಾಗ ಅನ್ನ ಎಲೆಯ ಹೊರಗೆ ಬಿತ್ತು. ಎರಡನೇ ವರ್ಷ ಅವಳೇ ಒಂದು ಉಪಾಯ ಕಂಡುಕೊಂಡಳು. ಜನರೆದುರು ತುಟಿ ಅಲ್ಲಾಡಿಸುವಾಗ ಒಳಗೊಳಗೇ, "ಅಪ್ಪಾ, ನೀನು ಯಾರೋ, ಈ ಕಂಬಳಿ ಹೊದ್ದೋನು ಯಾರೋ, ಇದು ನಿಂಗೆ. ಬಾ, ಉಣ್ಣು" ಎನ್ನುತ್ತಿದ್ದಳು.

ಹಾಗೆ ಕರೆದ ಮೇಲೆ ಅವನೂ ಬಂದು ಮನೆಯಲ್ಲಿ ಸೇರಿಕೊಂಡ. ಮುಖವಿಲ್ಲದವನು. ಮಧ್ಯಾಹ್ನ ಒಬ್ಬಳೇ ಉಣ್ಣಲು ಕೂತರೆ ಗೋಡೆ ಪಕ್ಕ ಅವನೂ ಕೂತಿದ್ದಾನೆ ಅನ್ನಿಸುತ್ತಿತ್ತು. ಅವನೇನೂ ಕೇಳುತ್ತಿರಲಿಲ್ಲ. ಅವಳೇ ಕೇಳಿಕೊಳ್ಳುತ್ತಿದ್ದಳು: ಈ ಹುರಿ ನೂತ ಕೈ ಎಲ್ಲಿದೆ? ಯಾವ ಹಟ್ಟಿಯಲ್ಲಿ ಆಕೆ ಇನ್ನೂ ಕುಂಕುಮ ಇಟ್ಟುಕೊಂಡು, ಬಳೆ ಹಾಕಿಕೊಂಡು, ದಾರಿ ನೋಡುತ್ತಿದ್ದಾಳೆ? ಅವಳಿಗೆ ಬರಬೇಕಾದ ಸಾವನ್ನು ನಾನು ಕದ್ದೆನಲ್ಲಾ. ಅದರ ದುಡ್ಡನ್ನೂ ಕದ್ದೆನಲ್ಲಾ. ಒಂದೆರಡು ಸಲ ಈ ಮಾತನ್ನು ನಿಂಗಕ್ಕನಿಗೆ ಹೇಳಿಬಿಡೋಣ ಎಂದು ಬಾಯಿ ತೆರೆದಳು. ಎದುರಿಗೆ ಕಾಂಚನಾ ದೀಪದ ಪಕ್ಕ ಓದುತ್ತಿದ್ದಳು. ಬಾಯಿ ಮುಚ್ಚಿಕೊಂಡಳು.

ಎರಡು ಸಾವಿರದ ನಾಲ್ಕು, ಶೇಂಗಾ ಕೀಳುವ ಕಾಲ. ಹಟ್ಟಿಯ ಜನರೆಲ್ಲಾ ಹೊಲದಲ್ಲಿದ್ದರು. ಕ್ಯಾತಮ್ಮನಿಗೆ ಜ್ವರ, ಜಗುಲಿ ಮೇಲೆ ಕೂತಿದ್ದಳು. ಚಿನ್ನಯ್ಯ ನಿವೃತ್ತನಾಗಿ, ಚಳ್ಳಕೆರೆ ಕಡೆಯ ಶಾಹಿದ್ ಎಂಬ ಹುಡುಗುಮುಖದ ಪೋಸ್ಟ್‌ಮ್ಯಾನ್ ಬಂದು ಎರಡು ತಿಂಗಳಾಗಿತ್ತು. ಅವನಿಗೆ ಎಲ್ಲವೂ ರೂಲ್ಸ್ ಪ್ರಕಾರ ಆಗಬೇಕು.

"ಅಮ್ಮಾ, ಮನಿಯಾರ್ಡರ್. ಹೆಬ್ಬೆಟ್ಟು ಹಾಕಿ. ಆದ್ರೆ ಹೆಬ್ಬೆಟ್ಟಿಗೆ ಒಬ್ರು ಸಾಕ್ಷಿ ಸೈನ್ ಮಾಡ್ಬೇಕು. ಮಗಳಿಲ್ವಾ?"

"ಮಗಳು ದುರ್ಗದಾಗೆ ಅವ್ಳೆ ಕಣಪ್ಪಾ. ನಾಳೆ ಬಾ."

"ನಾಳೆ ಈ ಕಡೆ ಬೀಟ್ ಇಲ್ಲಮ್ಮ. ವಾಪಸ್ ಹೋಗ್ಬಿಡ್ತದೆ."

ಆಗ ಬೇವಿನ ಮರದ ಕೆಳಗಿನಿಂದ ಒಬ್ಬ ಗಂಡಸು ಎದ್ದು ಬಂದ. ಯಾವಾಗ ಬಂದು ಕೂತಿದ್ದನೋ. ಮುಖ ಕಾಣುವ ಮೊದಲೇ ಕ್ಯಾತಮ್ಮನಿಗೆ ನಡಿಗೆ ಕಂಡಿತು. ಬಲಗಾಲನ್ನು ಚೂರು ಹೊರಗೆ ಎಸೆದು ನಡೆಯುವ ನಡಿಗೆ. ಇಷ್ಟು ವರ್ಷ ಸಾವಿರ ಜನರಲ್ಲಿ ಅವನನ್ನು ಕಂಡವಳು, ನಿಜವಾಗಿ ಬಂದಾಗ, ಇವನಲ್ಲ ಎಂದುಕೊಳ್ಳಲು ಎಷ್ಟು ಒದ್ದಾಡಿದಳು! ಗಡ್ಡ ಬೆಳ್ಳಗಾಗಿತ್ತು. ಕಣ್ಣು ಅವನವೇ.

"ಒಂದು ಚೊಂಬು ನೀರು ಕೊಡ್ತೀಯಾ ತಾಯಿ?" ಎಂದ ಜೋಗಪ್ಪ.

ತಾಯಿ ಎಂದ. ಅವಳ ಬೋಳು ಹಣೆ ನೋಡಿ, ಬರಿಗೈ ನೋಡಿ, ತಾಯಿ ಎಂದ. ಊರಿನ ಹೋಟೆಲಿನಲ್ಲೇ ಎಲ್ಲ ಕೇಳಿಕೊಂಡು ಬಂದಿದ್ದಾನೆ ಎಂದು ಅವಳಿಗೆ ಅರ್ಥವಾಯಿತು.

ಶಾಹಿದನಿಗೆ ಖುಷಿಯಾಯಿತು. "ಯಜಮಾನ್ರೇ, ಸೈನ್ ಬರ್ತದಾ ನಿಮ್ಗೆ?"

"ಅಲ್ಲಿ ಆಂಧ್ರದಾಗೆ ರಾತ್ರಿ ಶಾಲೆ ಮಾಡಿದ್ರು ಸ್ವಾಮಿ. ಹೆಸರು ಬರೆಯಾದು ಒಂದು ಕಲ್ಸಿದ್ರು."

"ಅಷ್ಟೇ ಸಾಕು. ಈಯಮ್ಮ ನಿಮ್ಮೆದುರಿಗೆ ಹೆಬ್ಬೆಟ್ಟು ಹಾಕಿದ್ರು ಅಂತ. ಇಲ್ಲಿ."

ಕ್ಯಾತಮ್ಮನ ಹೆಬ್ಬೆರಳನ್ನು ಶಾಹಿದನೇ ಹಿಡಿದು ಒತ್ತಿದ. ಅವಳಿಗೆ ಕೈ ತನ್ನದು ಅನ್ನಿಸಲಿಲ್ಲ. ಜೋಗಪ್ಪ ಪೆನ್ನು ಹಿಡಿದು ಫಾರ್ಮನ್ನು ನೋಡುತ್ತಾ ನಿಂತ. ಒಂದೇ ಒಂದು ಹೆಸರು ಬರೆಯಲು ಕಲಿತವನು ಬೇರೆ ಏನನ್ನು ಬರೆದಾನು? ಬೇಡ ಎಂದು ಕಿರುಚಬೇಕು ಅನ್ನಿಸಿತು ಅವಳಿಗೆ. ಅವನು ಬಗ್ಗಿ, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ಒಂದೊಂದೇ ಅಕ್ಷರ ಕೊರೆದ.

ಶಾಹಿದ್ ಓದಿದ. "ತೆಲುಗಲ್ವಾ ಇದು? ಜೋ... ಗ... ಪ್ಪ. ಅರೆ! ಈಯಮ್ಮನ ತೀರ್ಕೊಂಡ ಗಂಡನ ಹೆಸರೂ ಅದೇ ಅಲ್ವಾ?"

ಕ್ಯಾತಮ್ಮ ಕಂಬ ಹಿಡಿದುಕೊಂಡಳು. ಹನ್ನೊಂದು ವರ್ಷದ ಅನ್ನ, ತಗಡು, ಕುರಿ, ಮಗಳ ಬಿಳಿ ಬಟ್ಟೆ, ಎಲ್ಲ ಆ ಒಂದು ಗಳಿಗೆಯಲ್ಲಿ ಅವಳ ಕೈ ಬಿಟ್ಟುಹೋಗುತ್ತಿತ್ತು.

"ಈ ಸೀಮೆಯಾಗೆ ಮನೆಗೊಬ್ಬ ಜೋಗಪ್ಪ ಇರ್ತಾನೆ ಸ್ವಾಮಿ" ಎಂದ ಜೋಗಪ್ಪ. "ಒಬ್ಬ ಸತ್ರೆ ಇನ್ನೊಬ್ಬ."

ಶಾಹಿದ್ ನಕ್ಕು, ನೋಟು ಕೊಟ್ಟು, ಸೈಕಲ್ ಹತ್ತಿದ. ಅವನು ತಿರುವು ದಾಟಿದ. ಕ್ಯಾತಮ್ಮ ಒಳಗೆ ಹೋಗಿ ನೀರು ತಂದಳು. ಜೋಗಪ್ಪ ಎತ್ತಿ ಕುಡಿದ, ಗಡ್ಡದ ಮೇಲೆಲ್ಲಾ ಚೆಲ್ಲಿಕೊಂಡ.

"ಆರು ಕುರಿ ಕಳ್ದೋದ್ವು" ಎಂದ. "ಯಜಮಾನ ಕಾಲು ಮುರೀತಾನೆ ಅಂತ ಹೆದ್ರಿ ಓಡಿದೆ. ಒಂದು ವರ್ಷ ಆದ್ಮೇಲೆ ಬರಾಕೆ ನಾಚ್ಕೆ ಆಯ್ತು. ಆಮೇಲೆ... ಆಮೇಲೆ ಹಂಗೇ ಆಯ್ತು. ಮಗಳು?"

"ನರ್ಸ್ ಓದ್ತಾವ್ಳೆ."

ಅವನು ತಗಡಿನ ಮನೆ ನೋಡಿದ. ಮನೆ ಪಕ್ಕ ಕಟ್ಟಿದ್ದ ಬಾಣಂತಿ ಕುರಿಗಳನ್ನು ನೋಡಿದ. "ನಾನು ಬದುಕಿದ್ದಿದ್ರೆ ಇಷ್ಟು ಆಗ್ತಿರ್ಲಿಲ್ಲ ಬಿಡು" ಎಂದ. ಅದರಲ್ಲಿ ಚುಚ್ಚುಮಾತು ಇರಲಿಲ್ಲ, ಅದೇ ಅವಳನ್ನು ಹೆಚ್ಚು ಇರಿಯಿತು.

"ಆ ಕಂಬಳಿ ನಿಂದಲ್ಲ ಅಂತ ನಂಗೆ ಗೊತ್ತಿತ್ತು" ಎಂದಳು ಕ್ಯಾತಮ್ಮ. ಹನ್ನೊಂದು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದು ಇಷ್ಟು ಚಿಕ್ಕ ಮಾತಾಗಿ ಹೊರಬಂತು.

ಅವನು ಗಡ್ಡದ ನೀರು ಒರೆಸಿಕೊಂಡ. "ನಿನ್ ನೂಲು ನಿಂಗೆ ಗೊತ್ತಾಗ್ದೆ ಇರ್ತದಾ" ಎಂದ.

ಅವಳು ಕೈಯಲ್ಲಿದ್ದ ನೋಟನ್ನು ಮುಂದೆ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಚೊಂಬನ್ನು ಜಗುಲಿ ಮೇಲೆ ಇಟ್ಟು, ಟವೆಲ್ಲು ಕೊಡವಿ, ಬಸ್ಸಿನ ದಾರಿ ಹಿಡಿದ. ಇರು ಎನ್ನಬಹುದಿತ್ತು. ಒಂದು ತುತ್ತು ಉಂಡು ಹೋಗು ಎನ್ನಬಹುದಿತ್ತು. ಮಗಳ ಫೋಟೋ ತೋರಿಸಬಹುದಿತ್ತು. ಅವನು ಹಿಂದೆ ತಿರುಗುತ್ತಾನೇನೋ ಎಂದು ಹೆದರಿ, ತಿರುಗಲಿಲ್ಲವಲ್ಲಾ ಎಂದು ಸಂಕಟಪಟ್ಟು, ಕ್ಯಾತಮ್ಮ ತುಟಿ ಕಚ್ಚಿಕೊಂಡು ನಿಂತಳು. ಬಲಗಾಲು ಹೊರಗೆ ಎಸೆಯುತ್ತಾ ಅವನು ಜಾಲಿಗಿಡಗಳ ಆಚೆ ಹೋದ.

ಸಂಜೆ ನಿಂಗಕ್ಕ ಹೊಲದಿಂದ ಬಂದಾಗ ಕ್ಯಾತಮ್ಮ ನೆಲಕ್ಕೆ ಹಣೆ ಹಚ್ಚಿ ಬಿಕ್ಕುತ್ತಿದ್ದಳು. ಜಗುಲಿಯ ಮಣ್ಣು ಅವಳ ಕಣ್ಣೀರಿಗೆ ಒದ್ದೆಯಾಗಿತ್ತು.

"ಯಾಕೇ, ಏನಾಯ್ತೇ? ಜ್ವರ ಜಾಸ್ತಿ ಆಯ್ತಾ? ದುಡ್ಡು ಬರ್ಲಿಲ್ವಾ?"

"ಬಂತು."

"ಮತ್ತೆ?"

"ನನ್ ಗಂಡ ಸತ್ತ ಕಣೇ ನಿಂಗಕ್ಕಾ."

ನಿಂಗಕ್ಕ ಪಕ್ಕದಲ್ಲಿ ಕೂತು ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. "ಅಯ್ಯೋ ಹುಚ್ಚಿ, ಅವ್ನು ಹೋಗಿ ಹನ್ನೊಂದು ವರ್ಷ ಆತಲ್ಲೇ," ಎಂದಳು. "ಇವತ್ತು ಅತ್ರೆ ಬರ್ತಾನಾ?"