ಹನ್ನೊಂದು ಸೆಕೆಂಡಿನ ತಿರುವು

"ಮೂರು ಹತ್ತು," ಎಂದ ಟೇಪಣ್ಣ, ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಗೋಡೆಗೆ ಒತ್ತಿಹಿಡಿದು. "ಬರ್ಕೊಳ್ಳಿ ಸಾರ್. ಮೂರು ಮೀಟರು ಹತ್ತು ಸೆಂಟಿಮೀಟರು."

ಅವನು ಬರೆದುಕೊಳ್ಳಲಿಲ್ಲ. "ಇನ್ನೊಂದ್ಸಲ ಹಿಡೀರಿ," ಎಂದ.

"ಎರಡು ಸಲ ಹಿಡಿದಾಯ್ತು ಸಾರ್. ಗೋಡೆ ಏನು ಹಿಂದಕ್ಕೆ ಸರಿಯತ್ತಾ?"

ಗೋಡೆ ಸರಿಯುವುದಿಲ್ಲ, ನಿಜ. ಆದರೆ ಗೆರೆ ಸರಿಯುತ್ತದೆ. ಅದು ಟೇಪಣ್ಣನಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಟೇಪು ಹಿಡಿದವನಿಗೆ ಗೆರೆಯೆಂದರೆ ಮೇಲಿನಿಂದ ಬಂದದ್ದು. ಅದನ್ನು ಎಳೆದ ಕೈ ತನ್ನ ಪಕ್ಕದಲ್ಲೇ ಪುಸ್ತಕ ಹಿಡಿದು ಬೆವರುತ್ತಿದೆ ಎಂಬುದು ಅವನ ತಲೆಗೇ ಬಂದಿರಲಿಲ್ಲ.

ಕಡತಗಳಲ್ಲಿ ಅದು ಲಘು ರೈಲು. ಜನರ ಬಾಯಲ್ಲಿ ಟ್ರಾಮು. ಹದಿನಾಲ್ಕು ಕಿಲೋಮೀಟರು, ಇಪ್ಪತ್ತೊಂದು ನಿಲ್ದಾಣ, ಮೂವತ್ತಾರು ತಿರುವು. ತಿರುವುಗಳೆಲ್ಲ ಅವನವು. ಕಚೇರಿಯಲ್ಲಿ ಎದುರಿಗೆ ತಿರುವಿನ ಸಾಹೇಬರು ಅನ್ನುತ್ತಿದ್ದರು, ಬೆನ್ನ ಹಿಂದೆ ಬರೀ ತಿರುವು ಅನ್ನುತ್ತಿದ್ದರು. ಅವನಿಗೆ ಎರಡೂ ಗೊತ್ತಿತ್ತು.

ಹತ್ತೊಂಬತ್ತನೆಯ ತಿರುವಿನ ಒಳಮೂಲೆಯಲ್ಲಿ ೨೧೭ ಎಂಬ ಚೌಕವಿತ್ತು. ನಕ್ಷೆಯಲ್ಲಿ ಮನೆಗಳಿಗೆ ಹೆಸರಿರುವುದಿಲ್ಲ. ಆ ಚೌಕದ ಮುಂಭಾಗವನ್ನು ಅವನ ಗೆರೆ ಕೊಯ್ದುಕೊಂಡು ಹೋಗಿ ಎಂಟು ತಿಂಗಳಾಗಿತ್ತು. ಅದು ಅಕ್ಕನ ಮನೆ ಎಂದು ಅವನಿಗೆ ಹೊಳೆದದ್ದು ಕಳೆದ ವಾರ. ಅಕ್ಕನ ಮನೆಯನ್ನು ಅವನು ಯಾವತ್ತೂ ಮೇಲಿನಿಂದ ನೋಡಿರಲಿಲ್ಲವಲ್ಲ. ನಿಜ ಹೇಳಬೇಕೆಂದರೆ ಕೆಳಗಿನಿಂದ ನೋಡಿಯೂ ಎರಡು ವರ್ಷವಾಗಿತ್ತು.

ಹೊಳೆದ ದಿನವೇ ಕೂತು ಇನ್ನೊಂದು ನಕ್ಷೆ ಬರೆದಿದ್ದ. ತಿರುವನ್ನು ಸ್ವಲ್ಪ ಬಿಗಿ ಮಾಡಿದರೆ ಹಳಿ ರಸ್ತೆಯೊಳಗೇ ಉಳಿಯುತ್ತದೆ, ೨೧೭ಕ್ಕೆ ಏನೂ ಆಗುವುದಿಲ್ಲ. ಆದರೆ ಗಾಡಿ ಅಲ್ಲಿ ನಿಧಾನವಾಗಬೇಕು. ಹನ್ನೊಂದು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಎರಡನ್ನೂ ದೊಡ್ಡವರ ಮೇಜಿನ ಮೇಲೆ ಹರಡಿದಾಗ, ವಿಭಾಗದ ಮುಖ್ಯಸ್ಥರಾದ ಅವರು ಲವಂಗ ಜಗಿಯುತ್ತ ಅಂದಿದ್ದರು: "ಹನ್ನೊಂದು ಸೆಕೆಂಡಿಗೆ ಯಾರೂ ಸಾಯಲ್ಲ. ಯಾವುದಾದ್ರೂ ಒಂದಕ್ಕೆ ಸಹಿ ಹಾಕಿ ಕೊಡಿ. ಗುರುವಾರ ಐದು ಗಂಟೆ ಒಳಗೆ. ಯಾಕೆ ಅಂತ ಯಾರಾದ್ರೂ ಕೇಳಿದ್ರೆ ಮಾತ್ರ ಉತ್ತರ ನಿಮ್ಮದು."

ಇವತ್ತು ಗುರುವಾರ. ಒಡೆಯುವ ಗೋಡೆಗಳಿಗೆ ಗುರುತು ಹಾಕಿಸುವುದು ಅವನ ಕೆಲಸವಲ್ಲ. ಪರಿಶೀಲನೆ ಎಂದು ಒಂದು ನೆಪ ಹೇಳಿ ಟೇಪಣ್ಣನ ಹಿಂದೆ ಬಂದಿದ್ದ. ಬಸ್ಸಿನಲ್ಲೇ ಒಂದು ತೀರ್ಮಾನವೂ ಆಗಿತ್ತು. ಅಕ್ಕ ಒಂದು ಮಾತು ಕೇಳಲಿ. ಒಂದೇ ಒಂದು. ಏನಾದರೂ ಮಾಡೋಕಾಗತ್ತಾ ಅಂದರೆ ಸಾಕು, ಸಂಜೆ ಎರಡನೆಯ ನಕ್ಷೆಗೆ ಸಹಿ. ಕೇಳದಿದ್ದರೆ? ಅಲ್ಲಿಗೆ ಅವನ ಯೋಚನೆ ನಿಂತಿತ್ತು. ಕೇಳದೆ ಇರುವುದು ಹೇಗೆ, ಹೋಗುತ್ತಿರುವುದು ಅವಳ ಕೋಣೆ.

ಬಾಗಿಲು ತೆರೆಯಿತು. ಅಕ್ಕ ಬಂದಳು, ಮಾಸ್ಕನ್ನು ಗದ್ದದ ಕೆಳಗೆ ಎಳೆದುಕೊಂಡು, ಮೊಣಕೈವರೆಗೆ ಬಿಳಿ ಪುಡಿ ಮೆತ್ತಿಕೊಂಡು.

"ಬಂದ್ಯಾ? ಹೊರಗೇ ಯಾಕೆ ನಿಂತಿದ್ದೀಯ, ಒಳಗೆ ಬಾ." ಟೇಪಣ್ಣನ ಕಡೆ ತಿರುಗಿ, "ನೀವೂ ಬನ್ನಿ. ಇವನು ನನ್ನ ತಮ್ಮ," ಎಂದಳು.

ಟೇಪಣ್ಣ ಟೇಪನ್ನು ಬಿಟ್ಟ. ಅದು ಸರ್ರನೆ ಡಬ್ಬಿಯೊಳಗೆ ಸೇರಿಕೊಂಡಿತು.

ಮುಂದಿನ ಕೋಣೆಯೇ ಅಕ್ಕನ ಕಾರ್ಖಾನೆ. ಮೂವರು ದಂತವೈದ್ಯರಿಗೆ ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದಳು. ಕಿಟಕಿಯ ಕೆಳಗೆ ಬೆಂಚು, ಅದರ ಮೇಲೆ ಮೇಣ, ಸಣ್ಣ ಮೋಟಾರು, ಗುಲಾಬಿ ಬಣ್ಣದ ವಸಡುಗಳು. ಗೋಡೆಯ ಹಲಗೆಗಳ ತುಂಬ ಪ್ಲಾಸ್ಟರಿನ ದವಡೆಗಳು, ಒಂದೊಂದಕ್ಕೂ ನಂಬರು. ಊರಿನ ಅರ್ಧ ಜನ ನನ್ನ ಮನೇಲಿ ಬಾಯಿ ಬಿಟ್ಕೊಂಡು ಕೂತಿದ್ದಾರೆ ಅಂತ ಹಿಂದೆ ಅಕ್ಕ ನಗಿಸುತ್ತಿದ್ದಳು. ಅವನು ಕಾಲೇಜಿಗೆ ಓದಿದ್ದು ಇದೇ ಬೆಂಚಿನ ಇನ್ನೊಂದು ತುದಿಯಲ್ಲಿ. ಪರೀಕ್ಷೆಗೆ ಹೋಗುವಾಗ ಅವನ ಪುಸ್ತಕಗಳನ್ನು ಬಿಡಿಸಿದರೆ ಬಿಳಿ ಪುಡಿ ಉದುರುತ್ತಿತ್ತು.

"ಎಷ್ಟು ಹೋಗತ್ತೆ?" ಅಕ್ಕ ಕೇಳಿದ್ದು ಟೇಪಣ್ಣನನ್ನು.

"ಮೂರು ಹತ್ತು ಅಮ್ಮಾ."

"ಕಿಟಕಿ?"

"ಕಿಟಕಿ, ಬಾಗಿಲು, ಎಲ್ಲಾ ಹೋಗತ್ತೆ. ಆ ಹಲಗೆವರೆಗೆ."

"ಹಾಗಾದ್ರೆ ಬೆಂಚು ಇವತ್ತಿಂದಾನೇ ಖಾಲಿ ಮಾಡೋಕೆ ಶುರು ಮಾಡ್ಬೇಕು," ಎಂದು ಅಕ್ಕ ಚಹಾ ತರಲು ಒಳಗೆ ಹೋದಳು. ಒಳಗಡೆ ಭಾವ ಯಾರ ಜೊತೆಗೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು.

ಆ ದನಿ ಕೇಳಿದ್ದೇ ಅವನು ಒಳಬಾಗಿಲಿಗೆ ಬೆನ್ನು ಮಾಡಿ ನಿಂತ. ನಾಲ್ಕು ವರ್ಷದ ಹಿಂದೆ ಭಾವ ಆಸ್ಪತ್ರೆಯ ವರಾಂಡದಲ್ಲಿ ಸ್ಟ್ರೆಚರ್ ಮೇಲೆ ಮಲಗಿದ್ದಾಗ ಅಕ್ಕ ಕಚೇರಿಗೆ ಫೋನು ಮಾಡಿದ್ದಳು. ದೊಡ್ಡವರ ತಮ್ಮ ಅಲ್ಲಿ ಡಾಕ್ಟರು, ಒಂದು ಮಾತು ಹೇಳಿಸಿದರೆ ಹಾಸಿಗೆ ಸಿಗುತ್ತಿತ್ತು. "ನೋಡ್ತೀನಿ ಅಕ್ಕ," ಅಂದಿದ್ದ. ದೊಡ್ಡವರ ಬಾಗಿಲವರೆಗೂ ಹೋಗಿದ್ದ. ಸಂಕೋಚವಾಗಿ ವಾಪಸು ಬಂದಿದ್ದ. ಭಾವ ಹೇಗೋ ಚೇತರಿಸಿಕೊಂಡರು. ಅಕ್ಕ ಆ ವಿಷಯ ಮತ್ತೆ ಎತ್ತಲಿಲ್ಲ. ಅವಳು ಜಗಳವಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆಮೇಲೆ ಅವಳು ಅವನ ಹತ್ತಿರ ಏನನ್ನೂ ಕೇಳಿರಲಿಲ್ಲ, ದಾರಿಯಲ್ಲಿ ಸಿಕ್ಕಿದ್ದು ತಗೊಂಡು ಬಾ ಎಂದು ಕೂಡ.

ಚಹಾ ಬಂತು.

"ಬೇರೆ ಜಾಗ ನೋಡಿದ್ಯಾ?" ಎಂದ.

"ನೋಡಿದೀನಿ. ಮಾರುಕಟ್ಟೆ ಹಿಂದೆ. ನೆಲದ ಕೆಳಗೆ ಒಂದು ರೂಮು."

"ಬೆಳಕು?"

"ಟ್ಯೂಬ್‌ಲೈಟು ಹಾಕ್ಕೊಂಡ್ರಾಯ್ತು."

ಹಲ್ಲಿನ ಬಣ್ಣವನ್ನು ಕಿಟಕಿಯ ಬೆಳಕಿನಲ್ಲೇ ಹೊಂದಿಸಬೇಕು, ದೀಪ ಮೋಸ ಮಾಡುತ್ತದೆ ಎಂದು ಅವನಿಗೆ ಹೇಳಿಕೊಟ್ಟವಳೇ ಅವಳು. ಬಣ್ಣ ತಪ್ಪಿದ ಹಲ್ಲನ್ನು ವೈದ್ಯರು ಎಷ್ಟು ಸಲ ವಾಪಸು ಕಳಿಸಿಯಾರು? ಆರು ತಿಂಗಳಲ್ಲಿ ಕೆಲಸ ನಿಂತುಹೋಗುತ್ತದೆ. ಅದು ಅವಳಿಗೆ ಗೊತ್ತು. ಅವನಿಗೆ ಗೊತ್ತೆಂಬುದೂ ಅವಳಿಗೆ ಗೊತ್ತು. ಆದರೂ ಟ್ಯೂಬ್‌ಲೈಟು.

ಅವನು ಲೋಟವನ್ನು ಬೆಂಚಿನ ಮೇಲಿಟ್ಟ. "ಗೆರೆ ಇನ್ನೂ ಪಕ್ಕಾ ಆಗಿಲ್ಲ ಅಕ್ಕ. ಸಾಯಂಕಾಲ ಐದು ಗಂಟೆವರೆಗೂ ಟೈಮಿದೆ."

"ಹೌದಾ?" ಅಕ್ಕ ಒಂದು ದವಡೆಯನ್ನು ಕೈಗೆತ್ತಿಕೊಂಡು ಊದಿದಳು. "ನಿಮ್ಮ ಕಚೇರೀಲಿ ಕೊನೇ ಗಳಿಗೆವರೆಗೂ ಕೆಲಸ ಇರತ್ತೆ ಅನ್ನು."

"ಏನಾದ್ರೂ ಹೇಳೋದಿತ್ತಾ?"

"ಯಾರಿಗೆ?"

"ನನಗೆ."

ಅಕ್ಕ ಅವನನ್ನು ನೋಡಿದಳು. ಈಗ ಕೇಳುತ್ತಾಳೆ ಎಂದುಕೊಂಡ. ಆಮೇಲೆ ಗೊತ್ತಾಯಿತು, ಅವಳು ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಬಾಯನ್ನು.

"ನಿದ್ದೇಲಿ ಹಲ್ಲು ಕಡೀತೀಯಾ? ಮುಂದಿನ ಎರಡೂ ಸವೆದುಹೋಗಿವೆ. ಯಾರಿಗಾದ್ರೂ ತೋರಿಸು," ಎಂದಳು. "ಸಣ್ಣಗೂ ಆಗಿದೀಯ."

ಅಷ್ಟರಲ್ಲಿ ಟೇಪಣ್ಣ ಹೊರಗೆ ಹೋಗಿ ಗುರುತು ಹಾಕಲು ಕೆಂಪು ಬಣ್ಣದ ಡಬ್ಬಿ ಬಿಚ್ಚಿ ಕುಂಚ ಅದ್ದಿದ್ದ. ಅಕ್ಕ ಬಾಗಿಲಿಗೆ ಬಂದು, "ಸ್ವಲ್ಪ ಮೇಲೆ ಹಾಕಿ. ಕೆಳಗೆ ಹಾಕಿದ್ರೆ ನೀರು ಸಿಡಿದು ಅಳಿಸಿಹೋಗತ್ತೆ, ಮತ್ತೆ ನೀವು ಬರಬೇಕಾಗತ್ತೆ," ಎಂದಳು. ಟೇಪಣ್ಣ ಸ್ವಲ್ಪ ಮೇಲೆ ಹಾಕಿದ.

ಬಸ್‌ಸ್ಟಾಪಿನವರೆಗೂ ಇಬ್ಬರೂ ಬಿರಬಿರನೆ ನಡೆದರು. ಟೇಪಣ್ಣನೇ ತಡೆಯಲಾರದೆ ಬಾಯಿ ಬಿಟ್ಟ.

"ನೀವು ಮೊದಲೇ ಹೇಳಿದ್ರೆ ನಾನು ಬೇರೆಯವರನ್ನ ಕಳಿಸ್ತಿದ್ದೆ ಸಾರ್."

"ಯಾರು ಅಳತೆ ಮಾಡಿದ್ರೂ ಮೂರು ಹತ್ತೇ ಅಲ್ವಾ?"

"ಅಳತೆ ಅದೇ ಸಾರ್. ಆದ್ರೂ..." ಟೇಪಣ್ಣ ಕೈಗೆ ಅಂಟಿದ ಬಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. "ಗಟ್ಟಿ ಹೆಂಗಸು. ಬೇರೆ ಮನೇಲೆಲ್ಲ ನನ್ನನ್ನ ಬಾಯಿಗೆ ಬಂದಂಗೆ ಬೈತಾರೆ. ಅದೇ ವಾಸಿ."

ಅವನಿಗೆ ಸಿಟ್ಟು ಬಂತು. ಟೇಪಣ್ಣನ ಮೇಲಲ್ಲ, ಅಕ್ಕನ ಮೇಲೆ. ಕೇಳಿದರೆ ಗಂಟೇನು ಹೋಗುತ್ತಿತ್ತು ಇವಳದು? ಒಡಹುಟ್ಟಿದವನನ್ನು ಒಂದು ಮಾತು ಕೇಳಲಾರದಷ್ಟು ಬಿಗುಮಾನವೇ? ಬಸ್ಸಿನಲ್ಲಿ ನಿಂತು ಅವನು ಅಕ್ಕನ ವಿರುದ್ಧ ವಾದ ಮಾಡುತ್ತ ಹೋದ. ಇಳಿಯುವ ಹೊತ್ತಿಗೆ ವಾದದಲ್ಲಿ ಗೆದ್ದಿದ್ದ. ಗೆದ್ದದ್ದರಿಂದ ಸಮಾಧಾನವೇನೂ ಆಗಲಿಲ್ಲ.

ಕಚೇರಿಗೆ ಬಂದಾಗ ನಾಲ್ಕು ಗಂಟೆ. ಆಕ್ಷೇಪಣೆ ವಿಭಾಗದ ಗುಮಾಸ್ತೆ ಕಡತವೊಂದನ್ನು ಹಿಡಿದು ಕಾಯುತ್ತಿದ್ದಳು.

"ಹತ್ತೊಂಬತ್ತನೇ ತಿರುವಿಂದು ಸಾರ್. ನಕ್ಷೆ ಜೊತೆ ಇದನ್ನೂ ಇಡಬೇಕಂತೆ. ಒಂದೇ ಆಕ್ಷೇಪಣೆ ಬಂದಿತ್ತು. ಉತ್ತರ ಹೋಗಿದೆ."

"ಯಾರದು?"

"೨೧೭."

ಅವನು ಕಡತ ಬಿಡಿಸಿದ. ಅಕ್ಕನ ಅಕ್ಷರ. ದುಂಡಗೆ, ಒತ್ತಿ ಬರೆದದ್ದು, ಅವನಿಗೆ ಲೆಕ್ಕ ಹೇಳಿಕೊಡುವಾಗ ಬರೆಯುತ್ತಿದ್ದ ಹಾಗೆಯೇ. ಎರಡೂವರೆ ತಿಂಗಳ ಹಿಂದಿನ ತಾರೀಖು. ಮುಂದಿನ ಕೋಣೆಯ ಕಿಟಕಿಯ ಬೆಳಕಿಲ್ಲದೆ ನನ್ನ ಕೆಲಸ ನಡೆಯುವುದಿಲ್ಲ, ತಿರುವನ್ನು ಸ್ವಲ್ಪ ಆಚೆಗೆ ತೆಗೆದುಕೊಳ್ಳಲು ಸಾಧ್ಯವೇ ದಯವಿಟ್ಟು ನೋಡಿ, ಎಂದಿತ್ತು. ಕೆಳಗೊಂದು ಅಂಕಣ: ಕಚೇರಿಯಲ್ಲಿ ಸಂಬಂಧಿಕರಿದ್ದಲ್ಲಿ ವಿವರ. ಅಲ್ಲಿ ಅಕ್ಕ ಒಂದು ಗೆರೆ ಎಳೆದಿದ್ದಳು. ಅವನಿಗೆ ತೊಂದರೆಯಾಗದಿರಲಿ ಎಂದು ಎಳೆದಳೋ, ಯಾರೂ ಇಲ್ಲವೆಂದೇ ಎಳೆದಳೋ, ಗೆರೆ ನೋಡಿದರೆ ತಿಳಿಯುವಂತಿರಲಿಲ್ಲ.

ಹಾಳೆ ಮಗುಚಿದ. ಉತ್ತರದ ಪ್ರತಿ. "ತಮ್ಮ ಆಕ್ಷೇಪಣೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಮಾರ್ಗದಲ್ಲಿ ಯಾವುದೇ ಬದಲಾವಣೆ ಸಾಧ್ಯವಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ." ಕೆಳಗೆ ಅವನ ಸಹಿ.

"ಇದನ್ನ ನಾನು ಯಾವಾಗ..." ಎಂದ.

"ಇಡೀ ಮಾರ್ಗದ್ದೆಲ್ಲ ಒಟ್ಟಿಗೇ ತಂದಿದ್ನಲ್ಲ ಸಾರ್, ಮುನ್ನೂರ ನಲವತ್ತು ಇತ್ತು. ನಾನು ಹಾಳೆ ತಿರುವ್ತಾ ಹೋದೆ, ನೀವು ಹಾಕ್ತಾ ಹೋದ್ರಿ. ಮಧ್ಯೆ ಒಂದು ಫೋನು ಕೂಡ ಮಾತಾಡಿದ್ರಿ."

ಕೇಳಿದ್ದಳು. ಅಕ್ಕ ಕೇಳಿದ್ದಳು, ಕ್ರಮವಾಗಿ, ಎಲ್ಲರಂತೆ ಸಾಲಿನಲ್ಲಿ ನಿಂತು. ಅವನು ಇಲ್ಲ ಎಂದಿದ್ದ. ಅವನ ಸಹಿಯನ್ನು ಅಕ್ಕನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆ ಕಾಗದ ಓದಿ ಮಡಿಸಿಟ್ಟವಳು ಇವತ್ತು ಅವನಿಗೆ ಚಹಾ ಕೊಟ್ಟಿದ್ದಳು. ಏನಾದರೂ ಹೇಳೋದಿತ್ತಾ ಎಂದು ಅವನು ಅವಳನ್ನೇ ಕೇಳಿದ್ದ. ಕಡತವನ್ನು ಮುಚ್ಚಿ ಮಗುಚಿಟ್ಟ.

ಎರಡು ನಕ್ಷೆಗಳೂ ಸುರುಳಿಯಾಗಿ ಮೇಜಿನ ಮೇಲಿದ್ದವು. ಎರಡಕ್ಕೂ ಒಂದೇ ಬಗೆಯ ರಬ್ಬರ್ ಬ್ಯಾಂಡು. ಎರಡನೆಯದನ್ನು ಕೊಟ್ಟುಬಿಡುವುದು, ಅಷ್ಟೇ ತಾನೆ. ಕೊಟ್ಟರೆ ಅಕ್ಕನಿಗೆ ಇನ್ನೊಂದು ಕಾಗದ ಹೋಗುತ್ತದೆ: ಬದಲಾವಣೆ ಸಾಧ್ಯವಾಗಿದೆ. ಕೆಳಗೆ ಅದೇ ಸಹಿ. ಆಗ ಮೊದಲನೆಯದು ಸುಳ್ಳಾಗುತ್ತದೆ. ಓದದೆ ಹಾಕಿದ್ದೆ ಎಂದು ಯಾರಿಗೆ ಹೇಳುವುದು? ಓದಿ ಹಾಕಿದೆ ಎಂದು ಅವಳು ತಿಳಿದಿರುವುದೇ ಮೇಲಲ್ಲವೇ? ಕಲ್ಲೆದೆಯ ತಮ್ಮನಿಗಾದರೂ ಒಂದು ಮರ್ಯಾದೆಯಿರುತ್ತದೆ. ಯಾರದೋ ಕಾಗದವೆಂದು ಫೋನಿನಲ್ಲಿ ಹರಟುತ್ತ ಸಹಿ ಹಾಕಿದವನಿಗೆ ಏನಿರುತ್ತದೆ?

ಐದಕ್ಕೆ ಹತ್ತು ನಿಮಿಷ. ಸುರುಳಿಗಳನ್ನು ಕಂಕುಳಲ್ಲಿ ಅಮುಕಿಕೊಂಡು ದೊಡ್ಡವರ ಕೋಣೆಗೆ ಓಡಿದ. ಕೋಣೆ ಖಾಲಿ.

"ಕೆಳಗೆ ಅಂಗಳದಲ್ಲಿದ್ದಾರೆ," ಎಂದರು ಯಾರೋ. "ಬೋಗಿ ಬಂತಲ್ಲ."

ಮೆಟ್ಟಿಲಿಳಿಯುವ ಅವಸರದಲ್ಲಿ ಸುರುಳಿಗಳು ಜಾರಿ ಬಿದ್ದವು. ಬಾಚಿ ಎತ್ತಿಕೊಂಡ. ಈಗ ಯಾವುದು ಯಾವುದೆಂದು ಹೊರಗಿನಿಂದ ಹೇಳುವಂತಿರಲಿಲ್ಲ. ಬಿಚ್ಚಿ ನೋಡಲು ಅರೆ ಗಳಿಗೆ ಸಾಕಿತ್ತು. ಅವನು ಇಳಿಯುತ್ತಲೇ ಹೋದ.

ಅಂಗಳದಲ್ಲಿ ಮಾದರಿ ಬೋಗಿ ನಿಂತಿತ್ತು. ಪ್ಲೈವುಡ್ಡಿನದು. ಚಕ್ರವಿಲ್ಲ, ಎಂಜಿನ್ನಿಲ್ಲ, ಕೆಳಗೆ ಸಿಮೆಂಟಿನ ದಿಮ್ಮಿಗಳು. ಒಳಗಿನ ಸೀಟು, ಕಂಬಿ, ಮೇಲಿನಿಂದ ಇಳಿಬಿಟ್ಟ ಹಿಡಿಗಳು ಮಾತ್ರ ಅಸಲಿ. ಜನ ಹತ್ತಿ ಕೂತು ಹೇಗಿದೆಯೆಂದು ಬರೆದುಕೊಡಬೇಕಂತೆ. ಸೀಟುಗಳೆಲ್ಲ ಭರ್ತಿ. ಹೆಂಗಸೊಬ್ಬಳು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು. ಅಲ್ಲಿ ಕಾಣುತ್ತಿದ್ದದ್ದು ಕಚೇರಿಯ ಸೈಕಲ್ ಸ್ಟ್ಯಾಂಡು.

"ಬನ್ನಿ, ಬನ್ನಿ!" ದೊಡ್ಡವರು ಒಳಗಿನಿಂದ ಕೂಗಿದರು. "ನಮ್ಮ ತಿರುವಿನ ಸಾಹೇಬರು ಇವರು. ಎಲ್ಲಿ, ತಂದ್ರಾ? ಕೊಡಿ."

ಅವನ ಕೈಗೆ ಒಂದು ಸುರುಳಿ ಬಂತು. ಅದನ್ನೇ ಕೊಟ್ಟ.

ದೊಡ್ಡವರು ಬಿಚ್ಚಲಿಲ್ಲ. ಮೂಲೆಯನ್ನಷ್ಟೇ ಬೆರಳಿನಿಂದ ಸರಿಸಿ ನೋಡಿದರು. "ಸಹಿ ಎಲ್ರೀ?"

ಪೆನ್ನು ತೆಗೆದ. ದೊಡ್ಡವರು ಸುರುಳಿಯನ್ನು ಕಂಬಿಗೆ ಆನಿಸಿ ಹಿಡಿದರು. ಸಹಿಯ ಚೌಕ ಬಿಟ್ಟು ಉಳಿದದ್ದೆಲ್ಲ ಒಳಗೆ ಸುತ್ತಿಕೊಂಡೇ ಇತ್ತು. ಅವನು ಹಾಕಿದ. ಚೆನ್ನಾಗಿಯೇ ಬಂತು.

"ಅಲ್ಲಿಗೆ ಒಂದು ಮುಗೀತು," ಎಂದು ದೊಡ್ಡವರು ಲವಂಗದ ವಾಸನೆ ಬಿಟ್ಟು ಇಳಿದು ಹೋದರು.

ಪಕ್ಕದ ಸೀಟಿನ ಹೆಂಗಸು ಅವನ ಕಂಕುಳಲ್ಲಿ ಉಳಿದಿದ್ದ ಸುರುಳಿಯನ್ನು ನೋಡಿ, "ಅದೇನು, ನಕ್ಷೆನಾ? ಇದು ಯಾವ ಕಡೆ ಹೋಗತ್ತೆ, ತೋರಿಸ್ತೀರಾ?" ಎಂದಳು.

"ಇನ್ನೂ ಗೊತ್ತಿಲ್ಲ," ಎಂದ.

ಜನ ಒಬ್ಬೊಬ್ಬರಾಗಿ ಇಳಿದರು. ಹೆಂಗಸೂ ಇಳಿದಳು. ಕಾವಲುಗಾರ ಬಾಗಿಲಿಗೆ ಬಂದು, "ಸಾರ್, ಮುಚ್ಚೋ ಹೊತ್ತಾಯ್ತು," ಎಂದ. ಮತ್ತೊಮ್ಮೆ ಹೇಳಬೇಕೆಂದು ತಲೆ ಒಳಗೆ ಹಾಕಿದ. ಖಾಲಿ ಬೋಗಿಯ ನಡುವೆ ಅವನು, ಉಳಿದ ಸುರುಳಿಯನ್ನು ಬಿಚ್ಚದೆ ಸೀಟಿನ ಮೇಲಿಟ್ಟು, ಎರಡೂ ಕೈಯಲ್ಲಿ ಹಿಡಿಗಳನ್ನು ಭದ್ರವಾಗಿ ಹಿಡಿದು, ಕಾಲು ಅಗಲಿಸಿ, ತಿರುವಿನಲ್ಲಿ ಬೀಳದ ಹಾಗೆ ಮೈಯನ್ನೆಲ್ಲ ಒಂದು ಪಕ್ಕಕ್ಕೆ ವಾಲಿಸಿಕೊಂಡು ನಿಂತಿದ್ದ. ಕಾವಲುಗಾರ ಬಗ್ಗಿ ಬೋಗಿಯ ಕೆಳಗೆ ನೋಡಿದ. ದಿಮ್ಮಿಗಳು ಇದ್ದಲ್ಲೇ ಇದ್ದವು.