ಚೌಡಯ್ಯನ ಕೆರ ಮೊದಲು ಹೊರಟಿದ್ದು

ನಯಾಪೈಸೆ ಬಂದ ಮಾರನೆ ವರ್ಷ ಚೌಡಯ್ಯನ ಮೊಮ್ಮಗಳು ಚಿಕ್ಕಹನುಮಕ್ಕ ಎದ್ದು ನಡೆದಳು. ಮೂರು ತುಂಬಿದ್ದರೂ ಅಲ್ಲೀಗಂಟ ಅಂಗಳದಲ್ಲಿ ತೆವಳಿಕೊಂಡಿದ್ದ ಕೂಸು. "ಇವಳು ಒಂದು ಹೆಜ್ಜೆ ಇಟ್ಟರೆ, ತಿಮ್ಮಪ್ಪ, ನಿನ್ನ ಬೆಟ್ಟಕ್ಕೆ ನಡಕೊಂಡೇ ಬರ್ತೀನಿ" ಅಂತ ಚೌಡಯ್ಯ ಹರಕೆ ಹೊತ್ತಿದ್ದ. ದೇವರು ತನ್ನ ಕೆಲಸ ಮುಗಿಸಿ ಸುಮ್ಮನೆ ಕೂತ. ಚೌಡಯ್ಯನೂ ಸುಮ್ಮನೆ ಕೂತ.

ಶಿರಾ ಸಂತೆ ಬಿಟ್ಟರೆ ಬೇರೆ ಊರಿನ ನೀರು ಕುಡಿದವನಲ್ಲ ಅವನು. ತಿರುಪತಿ ಅಂದರೆ ಹನ್ನೆರಡು ದಿನದ ದಾರಿ. ಕಡ್ಲೆಕಾಯಿ ಕೀಳೋದು ಮುಗೀಲಿ ಅಂದ, ಮುಗೀತು. ಹಸು ಈಯಲಿ ಅಂದ, ಅದೂ ಈಯಿತು. ಅಷ್ಟರಲ್ಲಿ ಒಂದು ಬೆಳಗ್ಗೆ ಕೂಸು ಹೊಸ್ತಿಲು ಎಡವಿ ಬಿದ್ದು, "ಕಾಲು ನೋಯ್ತದೆ" ಅಂತ ಅತ್ತಿತು. ಹೆಂಡತಿ ಮಾರಕ್ಕ ಎದೆ ಹಿಡಕೊಂಡಳು.

"ಹರಕೆ ಉಳಿಸ್ಕೊಂಡ್ರೆ ಕೊಟ್ಟ ಕಾಲು ವಾಪಸ್ ಕಿತ್ಕೊಂಡಾನು. ಹೊರಡು ನೀನು!"

ಜೋಯಿಸರು ಪಂಚಾಂಗ ಬಿಚ್ಚಿದರು. "ಇವತ್ತು ಬಿಟ್ಟರೆ ಶಿವರಾತ್ರಿವರೆಗೆ ಒಳ್ಳೆ ಹೊತ್ತಿಲ್ಲ."

"ಕಂಬಳಿ ಒಗೆದಿಲ್ಲ ಸ್ವಾಮಿ" ಅಂದ ಚೌಡಯ್ಯ.

"ಹಂಗಾದ್ರೆ ಪರಸ್ಥಾನ ಇಡು."

ಆಳು ಹೊರಡಲಾಗದಿದ್ದರೆ ಒಳ್ಳೆ ಹೊತ್ತಿಗೆ ಅವನ ಸಾಮಾನೊಂದು ಹೊರಡಬೇಕು. ಹೋಗುವ ದಿಕ್ಕಿನ ಮನೆಯಲ್ಲಿ ಅದನ್ನು ಇಟ್ಟರೆ ಪ್ರಯಾಣ ಶುರುವಾದ ಹಾಗೆ. ಒಂದೇ ಕಟ್ಟಳೆ: ಹೊರಟ ಸಾಮಾನು ಹಿಂದಕ್ಕೆ ತಿರುಗಬಾರದು. ಹೊಸದಾಗಿ ಹೊಲಿಸಿದ್ದ ಕೆರದ ಜೋಡು ಹೊರಟವು. ಊರಿನ ಮೂಡಲ ಕೊನೆ ಮನೆ ಪಾತ್ರೆಗೆ ಕಲಾಯಿ ಹಾಕುವ ಬಾಷಾ ಸಾಬರದು. "ಇರಲಿ ಬುಡಿ ಗೌಡ್ರೇ" ಅಂತ ಅವರು ಮೂಲೆಯಲ್ಲಿ ಜಾಗ ಕೊಟ್ಟರು.

ಚೌಡಯ್ಯ ಮನೆಗೆ ಬಂದು ಹಗುರಾಗಿ ಕೂತ. "ನಾನು ಹೊರಟಾಗೋಯ್ತು ಕಣಮ್ಮಿ. ಇನ್ನೊಂದು ಮುದ್ದೆ ಹಾಕು."

"ಹೊರಟೋನು ಮುದ್ದೆ ಕೇಳ್ತಾನಾ?" ಅಂದಳು ಮಾರಕ್ಕ. ಹಾಕಿದಳು, ಆದರೆ ಚಿಕ್ಕದು.

ಎಂಟು ದಿನ ಕಳೆದು, ಯಾವಾಗ ಹೊರಡೋದು ಅಂತ ಮಾರಕ್ಕ ಮತ್ತೆ ಕೇಳಿದ್ದಕ್ಕೆ, "ಹೊಸ ಕೆರ ಕಚ್ತದೆ, ಪಳಗ್ಬೇಕು" ಅಂದ. ಬಾಷಾ ಸಾಬರು ಊರೂರು ತಿರುಗುವವರು. "ನಾನು ಮೆಟ್ಕೊಂಡು ಪಳಗಿಸ್ಕೊಡ್ತೀನಿ" ಅಂತ ಮೆಟ್ಟಿಕೊಂಡು ಬಡವನಹಳ್ಳಿಗೆ ಹೋದರು. ಸಾಯಂಕಾಲ ಬರಿಗಾಲಲ್ಲಿ ಬಂದರು.

"ಕೆರ ಎಲ್ಲಿ ಸಾಬ್ರೇ?"

"ಹಿಂದಕ್ಕೆ ತಿರುಗಂಗಿಲ್ಲ ಅಂದ್ರಲ್ಲ? ಅಲ್ಲೇ ಬುಟ್ಟು ಬಂದೆ."

ಮುಂದಿನ ವಾರ ಬಡವನಹಳ್ಳಿಗಂಟ ಬರಿಗಾಲು, ಅಲ್ಲಿಂದ ಮಧುಗಿರಿಗಂಟ ಕೆರ. ವಾಪಸ್ ಬರುವಾಗ ಮತ್ತೆ ಬರಿಗಾಲು. ಊರಿಗೆ ಊರೇ ಆಟ ಶುರು ಮಾಡಿತು. ಅರಳಿಕಟ್ಟೆ ಮೇಲೆ ಚೌಡಯ್ಯನ ಪಕ್ಕದಲ್ಲೇ ಕೂತು ಓರಗೆಯ ರಂಗಯ್ಯ ಕೇಳುವನು: "ಮಧುಗಿರೀಲಿ ಮಳೆ ಹೆಂಗ್ಲಾ ಚೌಡ?" ಚೌಡಯ್ಯ ಯೋಚನೆ ಮಾಡಿ, "ಪರವಾಗಿಲ್ಲ" ಅನ್ನುವನು. ಕೆರೆ ತೂಬಿನ ಪಂಚಾಯ್ತಿಯಲ್ಲಿ ಬಾಯಿ ತೆರೆದರೆ, "ಊರಲ್ಲಿಲ್ದೋರು ಮಾತಾಡಬಾರ್ದು" ಅಂತ ಕೂರಿಸಿದರು.

ಕೆರ ಕೊಡಿಗೇನಹಳ್ಳಿ ಮುಟ್ಟಿದ ಮೇಲೆ ಒಂದು ಮಧ್ಯಾಹ್ನ ಚೌಡಯ್ಯ ಉಣ್ಣೋಕೆ ಕೂತಿದ್ದಾಗ ಬಾಷಾ ಸಾಬರು ಏದುಸಿರು ಬಿಡುತ್ತಾ ಬಂದರು.

"ಗೌಡ್ರೇ, ಕೆರ ಹೋಗ್ಬುಟ್ವು!"

"ಕದ್ದರಾ?"

"ಇಲ್ಲ. ರೊಟ್ಟಿ ಮಾರೋ ಗಂಗಲಕ್ಷ್ಮಮ್ಮನ ಕೈಲಿ ಬುಟ್ಟಿದ್ದೆ. ಗೋವಿಂದಾ ಅಂತ ತಿರುಪತಿಗೆ ಹೋಗೋ ದಂಡು ಬಂತಂತೆ. ಪರಸ್ಥಾನದ ಕೆರ, ಯಜಮಾನ ಇನ್ನೂ ಬಂದಿಲ್ಲ ಅಂದಿದ್ದೇ ತಡ, 'ಅಯ್ಯೋ ಪಾಪ, ದಾರೀಲಿ ತೀರ್ಕೊಂಡಿರಬೇಕು, ನಾವೇ ಬೆಟ್ಟ ಮುಟ್ಟಿಸ್ತೀವಿ' ಅಂತ ಕುಂಕುಮ ಇಟ್ಟು ತಲೆ ಮೇಲೆ ಹೊತ್ಕೊಂಡೋದ್ರಂತೆ."

ಜಗಲಿ ಮೇಲೆ ಕೂತಿದ್ದ ಜೋಯಿಸರು ತಲೆ ಆಡಿಸಿದರು. "ಕೆರ ಬೆಟ್ಟ ಮುಟ್ಟಿದ್ರೆ ನಿನ್ನ ಪ್ರಯಾಣ ನಿನ್ನ ಬಿಟ್ಟೇ ಮುಗೀತು. ಆಮೇಲೆ ನೀನು ನಡೆದ್ರೂ ಅದು ಹರಕೆಗೆ ಸೇರಲ್ಲ."

ಚೌಡಯ್ಯ ಚಿಕ್ಕಹನುಮಕ್ಕನ ಕಾಲು ನೋಡಿದ. ಕೈಯಲ್ಲಿದ್ದ ಮುದ್ದೆ ತಟ್ಟೆಗೆ ಬಿತ್ತು. ಕೈ ತೊಳೀಲಿಲ್ಲ, ಒಗೆಯದ ಕಂಬಳಿ ಎಳಕೊಂಡು ಹೊರಟೇಬಿಟ್ಟ. ಕೂಸು ಕೆರೆ ಏರಿಯವರೆಗೆ ಮುಂದೆ ಮುಂದೆ ಓಡಿ, ತಿರುಗಿ ನಿಂತು, "ಬಿರ್ನೆ ಬಾ ತಾತ!" ಅಂತ ಕೂಗುತ್ತಿತ್ತು.

ನಾಲ್ಕನೇ ದಿನ ಗೌರಿಬಿದನೂರು ದಾಟಿದ ಮೇಲೆ ದಂಡು ಸಿಕ್ಕಿತು. ಮುಂದಾಳಿನ ತಲೆ ಮೇಲೆ, ಹೂವಿನ ಮಧ್ಯೆ, ಕೆರ.

"ನನ್ನವು ಅವು" ಅಂದ ಚೌಡಯ್ಯ.

"ನೀನು ಸತ್ತಿಲ್ವಾ?"

"ಇನ್ನೂ ಇಲ್ಲ."

ಮುಂದಾಳು ಮನಸ್ಸಿಲ್ಲದ ಮನಸ್ಸಿಂದ ಇಳಿಸಿದ. ಚೌಡಯ್ಯ ಮೆಟ್ಟಿ ಎರಡು ಹೆಜ್ಜೆ ಇಟ್ಟ. ಕೆರ ಕಾಲಿಂದ ಜಾರಿ ಹಿಂದೆ ಬಿದ್ದವು. ಬಾಷಾ ಸಾಬರ ಅಗಲ ಪಾದಕ್ಕೆ ಚೆನ್ನಾಗಿ ಪಳಗಿಬಿಟ್ಟಿದ್ದವು. ಚೌಡಯ್ಯನ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂತು.

"ಕಾಲಲ್ಲಿ ನಿಲ್ತಿಲ್ಲ. ಇಂಗಾದ್ರೆ ಹೆಂಗೆ ನಡೆಯೋದು?"

ದಂಡಿನ ಮುದುಕಿಯೊಬ್ಬಳು ಅವನ ಬರಿಗಾಲು ನೋಡಿದಳು. "ಇಲ್ಲೀಗಂಟ ಹೆಂಗ್ ಬಂದೆ?"

ಚೌಡಯ್ಯ ಪಾದ ತಿರುಗಿಸಿ ನೋಡಿಕೊಂಡ. ಒಂದೂ ಬೊಬ್ಬೆ ಇರಲಿಲ್ಲ. ಕೆರ ಎತ್ತಿ ತಲೆ ಮೇಲಿಟ್ಟುಕೊಂಡ.

ಉಳಿದ ಎಂಟು ದಿನವೂ ದಾರಿಯ ಜನ ಕೈ ಮುಗಿದಿದ್ದು ಕೆರಕ್ಕೇ. ಮಜ್ಜಿಗೆಯನ್ನು ಮಾತ್ರ ಕೆಳಗಿದ್ದ ಚೌಡಯ್ಯನಿಗೆ ಕೊಟ್ಟರು.