ಸೊನ್ನೆಯ ಆಚೆ

ಈ ಉತ್ತರಪತ್ರಿಕೆಯಲ್ಲೂ ಅದೇ ತಪ್ಪು. ಅವಕಲನ, ಅಂದರೆ ರೇಖೆ ಏರುವ ವೇಗ, ಸೊನ್ನೆಯಾಯಿತು, ಆದ್ದರಿಂದ ರೇಖೆ ಇಲ್ಲಿ ತುದಿ ಮುಟ್ಟಿತು, ಇನ್ನು ಇಳಿಯುತ್ತದೆ ಎಂದು ಬರೆದು ಹುಡುಗಿ ಕೈತೊಳೆದುಕೊಂಡಿದ್ದಳು. ಊಟದ ಮೇಜಿನ ಮೇಲೆ ಪತ್ರಿಕೆ ಹರಡಿಕೊಂಡಿದ್ದ ಟೀಚರಮ್ಮ ಕೆಂಪು ಪೆನ್ನಿನಲ್ಲಿ ಬರೆದಳು: 'ಸೊನ್ನೆಯ ಆಚೆ ಏನಿದೆ ಅಂತ ನೋಡಿದೆಯಾ?'

ಒಳಕೋಣೆಯಲ್ಲಿ ಮಗಳು ಬ್ಯಾಗಿನ ಜಿಪ್ ಎಳೆಯುತ್ತಿದ್ದಳು. ಅಳಿಯ ಕರೆದುಕೊಂಡು ಹೋಗಲು ಬರುವವನಿದ್ದ.

"ಇನ್ನೊಂದು ವಾರ ಇರೇ."

"ಅಮ್ಮಾ, ನಾನಿಲ್ಲಿಗೆ ಬಂದಾಗಿನಿಂದ ಅವರು ಫೋನಲ್ಲಿ ಒಂದು ಸಲಾನೂ ಕೂಗಿಲ್ಲ. ಮುಗೀತು ಅದೆಲ್ಲ."

"ಆರಿದ ಬೂದಿ ಯಾಕೆ ಕೆದಕ್ತೀಯ?" ಸೋಫಾದಿಂದ ಟೀಚರಮ್ಮನ ಗಂಡನ ದನಿ. "ಎಲ್ಲದಕ್ಕೂ ನಿನ್ನ ಲೆಕ್ಕ! ಮನುಷ್ಯ ಏನು ಗ್ರಾಫಾ?"

ಅವಳು ಪತ್ರಿಕೆಯ ಅಂಚಿನಲ್ಲಿ ರೇಖೆ ಎಳೆದಳು. ಮೊದಲು ಅಳಿಯನ ದನಿ ಏರಿತ್ತು, ಆಮೇಲೆ ಗೋಡೆಗೆ ಬಡಿದ ತಟ್ಟೆ, ಆಮೇಲೆ ಮಗಳ ಮಣಿಕಟ್ಟಿನ ನೀಲಿ ಗುರುತು. ಏರುವ ವೇಗ ಕಡಿಮೆಯಾಗುತ್ತಾ, ಮಗುಚಿದ ಬಟ್ಟಲಿನಂತೆ ಬಾಗುತ್ತಾ ಬಂದು, ಈಗ ಸಮತಟ್ಟು. ಇಲ್ಲಿಂದ ಇಳಿಯಲೂಬಹುದು. ಅಥವಾ ಅರೆಗಳಿಗೆ ಉಸಿರು ಎಳೆದುಕೊಂಡು, ಬಟ್ಟಲು ಅಂಗಾತ ತಿರುಗಿದಂತೆ ಮೇಲಕ್ಕೆ ಬಾಗಿ ಮತ್ತೆ ಏರಲೂಬಹುದು. ಸೊನ್ನೆಯ ತನಕ ಎರಡೂ ಒಂದೇ ಥರ ಕಾಣುತ್ತವೆ. ಆಚೆಗೊಂದು ಬಿಂದು ಬೇಕು. ಒಂದೇ ಒಂದು ಸಾಕು.

ಕರೆಗಂಟೆ ಸದ್ದು ಮಾಡಿತು.

ಅಳಿಯ ನಗುತ್ತಾ ಒಳಗೆ ಬಂದ. ಹಣ್ಣಿನ ಪೊಟ್ಟಣ ಮೇಜಿನ ಮೇಲಿಟ್ಟ. "ಅತ್ತೆ, ಆರಾಮಾ? ಮಾವ, ಮೊಣಕಾಲು ನೋವು ಹೇಗಿದೆ?" ದನಿ ಬೆಣ್ಣೆಯ ಹಾಗಿತ್ತು. ಗಂಡ ಟೀಚರಮ್ಮನ ಕಡೆ ನೋಡಿದ, ನೋಡಿದೆಯಾ ಎನ್ನುವಂತೆ. ಅವಳಿಗೆ ತನ್ನ ಅನುಮಾನದ ಬಗ್ಗೆಯೇ ನಾಚಿಕೆಯಾಯಿತು.

ಮಗಳು ಬ್ಯಾಗು ಹಿಡಿದು ಹೊರಗೆ ಬಂದಳು. ಅಳಿಯನ ನಗು ಹಾಗೇ ಇತ್ತು, ಕಣ್ಣು ಮಾತ್ರ ಅವಳ ಕೂದಲ ಮೇಲೆ ನಿಂತಿತು.

"ಕೂದಲು ಕತ್ತರಿಸಿದ್ದೀಯ. ಯಾರನ್ನ ಕೇಳಿ?"

ಮೆಲ್ಲಗೇ ಕೇಳಿದ. ಮಗಳ ಕೈ ಕುತ್ತಿಗೆಗೆ ಹೋಯಿತು. "ಸೆಕೆ... ಅಂತ."

"ಇರಲಿ, ಮನೇಲಿ ಮಾತಾಡೋಣ."

ಗಂಡ ಹಣ್ಣಿನ ಪೊಟ್ಟಣ ಬಿಚ್ಚುತ್ತಿದ್ದ. "ಹೊತ್ತು ಮುಳುಗೋದ್ರೊಳಗೆ ಹೊರಡಿ ಮತ್ತೆ," ಎಂದ.

ಬೇಕಿದ್ದ ಆ ಒಂದು ಬಿಂದು ಸಿಕ್ಕಿತ್ತು; ಟೀಚರಮ್ಮ ಪೆನ್ನಿಗೆ ಮುಚ್ಚಳ ಹಾಕಿದಳು. ತಿದ್ದದೆ ಉಳಿದ ಪತ್ರಿಕೆಗಳನ್ನು ಕೈಚೀಲಕ್ಕೆ ಸೇರಿಸಿದಳು, ಜೊತೆಗೆ ಕನ್ನಡಕದ ಡಬ್ಬಿ, ರಕ್ತದೊತ್ತಡದ ಮಾತ್ರೆ, ಒಣಗಲು ಹಾಕಿದ್ದ ಒಂದು ಸೀರೆ.

"ನೀನೆಲ್ಲಿಗೆ?" ಎಂದ ಗಂಡ.

"ಕಾರಿನ ತನಕ," ಎಂದಳು. ಚಪ್ಪಲಿ ಮೆಟ್ಟಿ ಮಗಳ ಕೈಯಿಂದ ಬ್ಯಾಗು ತೆಗೆದುಕೊಂಡಳು. ಮೆಟ್ಟಿಲಿಳಿಯುವಾಗಲೇ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿತ್ತು: ಹಿಂದಿನ ಸೀಟಿನಲ್ಲಿ ಬ್ಯಾಗು ಇಟ್ಟು, ಪಕ್ಕದಲ್ಲಿ ತಾನೂ ಕೂರುವುದು. ಯಾರು ಏನೇ ಅಂದರೂ ಇಳಿಯುವುದಿಲ್ಲ.